ಎರಡು ಹಸು ಇರುವ ಮನೆಯಲ್ಲಿ ಮೀಥೇನ್ ಇಳಿಸುವುದು ಹೇಗೆ? ಡೇರಿ ಕಾರ್ಯದರ್ಶಿಗಳಿಗೆ, ಊರಿನ ಹುಡುಗರಿಗೆ ಒಂದು ಮಾರ್ಗದರ್ಶಿ

ಹೈನುಗಾರಿಕೆ ಬಗ್ಗೆ ಬರೆದಾಗಲೆಲ್ಲ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತದೆ. "ನಮ್ಮೂರ ಡೇರಿಯಲ್ಲಿ ಹವಾಮಾನದ ವಿಚಾರದಲ್ಲಿ ಏನಾದರೂ ಮಾಡೋಣ ಅಂತಿದೀವಿ. ರೈತರು ಕಿವಿಗೇ ಹಾಕಿಕೊಳ್ಳಲ್ಲ. ಎಲ್ಲಿಂದ ಶುರು ಮಾಡೋದು?" ಕೇಳುವವರು ಹೆಚ್ಚಾಗಿ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗಳು, ಹೊಸದಾಗಿ ಗೆದ್ದ ನಿರ್ದೇಶಕರು, ಪಶುಸಖಿಯರು, ಇಲ್ಲವೇ ಓದು ಮುಗಿಸಿ ಊರಿಗೆ ಬಂದ ಹುಡುಗ ಹುಡುಗಿಯರು. ಅವರಿಗಾಗಿ ಇದನ್ನು ಬರೆದಿದ್ದೇನೆ.

ನನ್ನ ಉತ್ತರ ಇಷ್ಟೇ: ಹವಾಮಾನದ ಮಾತನ್ನು ಮೊದಲು ಎತ್ತಲೇಬೇಡಿ. ಹಾಲಿನ ಚೀಟಿ ಹಿಡಿದು ಮಾತು ಶುರು ಮಾಡಿ. ಹಸು ಬೇಗ ಗಬ್ಬ ಕಟ್ಟಿದರೆ, ತಿಂದ ಮೇವು ಮೈಗೆ ಹತ್ತಿದರೆ, ಬೇಸಿಗೆಯಲ್ಲಿ ಹಾಲು ಇಳಿಯದಿದ್ದರೆ ರೈತರಿಗೆ ದುಡ್ಡು ಉಳಿಯುತ್ತದೆ. ಅದರ ಜೊತೆಗೇ, ಹಸುವಿನ ಹೊಟ್ಟೆಯಲ್ಲಿ ಹುಟ್ಟಿ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಕೂಡ ಪ್ರತಿ ಲೀಟರ್ ಹಾಲಿನ ಲೆಕ್ಕದಲ್ಲಿ ಇಳಿಯುತ್ತದೆ. ಹಾಗಾಗಿ ರೈತರನ್ನು ಒಪ್ಪಿಸಲು ಬೇರೆ ಭಾಷಣ ಬೇಕಿಲ್ಲ.

ಇಲ್ಲಿನ ಲೆಕ್ಕವೆಲ್ಲ ಕೋಲಾರ, ತುಮಕೂರು, ಮಂಡ್ಯ, ರಾಮನಗರ ಕಡೆಯದ್ದು. ಅಂದರೆ ಒಂದೆರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅಥವಾ ಜರ್ಸಿ ಮಿಶ್ರತಳಿ ಹಸು, ಒಂದು ರಾಗಿ ಹುಲ್ಲಿನ ಮೆದೆ, ಸ್ವಲ್ಪ ಜಮೀನು. ಎಮ್ಮೆ ಕಟ್ಟುವ ಕಡೆ, ಮಲೆನಾಡು ಗಿಡ್ಡ ಸಾಕುವ ಕಡೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಊರಿಗೆ ಹೇಳುವ ಮೊದಲು ನಿಮಗೆ ಗೊತ್ತಿರಲಿ

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗ. ಅದರಲ್ಲಿ ದೊಡ್ಡದು ರೂಮೆನ್, ಅಂದರೆ ಮೇವು ನೆನೆದು ಹುಳಿಯುವ ಚೀಲ. ಅಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಒಡೆಯುತ್ತವೆ. ಹುಲ್ಲನ್ನು ಹಾಲು ಮಾಡುವ ಶಕ್ತಿ ಹಸುವಿಗೆ ಬಂದಿರುವುದು ಇವುಗಳಿಂದಲೇ. ನಾರು ಒಡೆಯುವಾಗ ಜಲಜನಕ ಹುಟ್ಟುತ್ತದೆ. ಇನ್ನೊಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ಮೀಥೇನ್ ಅನಿಲವಾಗಿ ಮಾಡುತ್ತವೆ. ಈ ಅನಿಲ ಹಿಂದಿನಿಂದ ಹೋಗುತ್ತದೆ ಎಂದು ಸಭೆಗಳಲ್ಲಿ ಜನ ನಗುತ್ತಾರೆ. ನಗಲಿ ಬಿಡಿ. ಆದರೆ ಬಹುಪಾಲು ಹೊರಬರುವುದು ಬಾಯಿಂದ, ತೇಗಿನಲ್ಲಿ. ಹಸು ಮಲಗಿ ಮೆಲುಕು ಹಾಕುವಾಗ ನಿಮಿಷಕ್ಕೊಮ್ಮೆ ಕತ್ತಿನಲ್ಲಿ ಒಂದು ಅಲೆ ಮೇಲೇರುತ್ತದಲ್ಲ, ಆ ಹೊತ್ತಿನಲ್ಲೇ ಗಾಳಿಯೂ ಹೊರಗೆ ಹೋಗುತ್ತಿರುತ್ತದೆ.

ಮೀಥೇನ್ ಗಾಳಿಯಲ್ಲಿ ಸುಮಾರು 12 ವರ್ಷ ಇರುತ್ತದೆ. 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು, 20 ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ರೈತರಿಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಕಿ ಇದೆ. ಹಸು ತಿಂದ ಮೇವಿನ ಶಕ್ತಿಯಲ್ಲಿ ಸುಮಾರು ಶೇ. 6ರಷ್ಟು ಈ ತೇಗಿನಲ್ಲೇ ಹೋಗಿಬಿಡುತ್ತದೆ. ಮೇವು ಒರಟಾದಷ್ಟೂ, ಕಳಪೆಯಾದಷ್ಟೂ ಈ ನಷ್ಟ ಜಾಸ್ತಿ. ಕಾಸು ಕೊಟ್ಟು ತಂದ ಮೇವು ಅದು.

ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2006ರ ತನ್ನ ಮಾರ್ಗಸೂಚಿಯಲ್ಲಿ ಭಾರತ ಉಪಖಂಡದ ಹಾಲಿನ ಹಸುವಿಗೆ ವರ್ಷಕ್ಕೆ 58 ಕೆಜಿ ಮೀಥೇನ್ ಎಂದು ಇಟ್ಟಿದೆ. ಮುಂದಿನ ಲೆಕ್ಕಗಳಿಗೆ ನಾನೂ ಇದನ್ನೇ ಹಿಡಿಯುತ್ತೇನೆ. ನಿಮ್ಮೂರಿನ ಹಸುವಿಗೆ ಅದು ಹೆಚ್ಚೂ ಕಡಿಮೆ ಆಗಬಹುದು, ಆದರೆ ಹೋಲಿಸಿ ನೋಡಲು ಸಾಕು.

ಹಂತ 1: ಐದಾರು ಮನೆ ಆರಿಸಿ, ಮನೆಗೊಂದು ಹಾಳೆ ಬರೆಯಿರಿ

ಇಡೀ ಊರಿಗೆ ಒಮ್ಮೆಲೇ ಹೇಳಲು ಹೋಗಬೇಡಿ. ಐದಾರು ಮನೆ ಸಾಕು. ಇಪ್ಪತ್ತು ಹಸು ಕಟ್ಟಿ, ಹಾಲು ಕರೆಯುವ ಯಂತ್ರ ಇಟ್ಟವರ ಮನೆ ಬೇಡ. ಅಲ್ಲಿ ಏನು ಸಾಧಿಸಿದರೂ "ಅವರಿಗೇನ್ರೀ, ಇದೆ ಮಾಡ್ತಾರೆ" ಎಂಬ ಮಾತು ಬರುತ್ತದೆ. ಒಂದೆರಡು ಹಸು ಇರುವ, ದಿನಾ ಡೇರಿಗೆ ಹಾಲು ಹಾಕುವ, ಬೀದಿಯಲ್ಲಿ ನಾಲ್ಕು ಜನ ಮಾತಾಡಿಸುವ ಮನೆಗಳನ್ನು ಹಿಡಿಯಿರಿ.

ಬೇಕಾದ್ದು ಇಷ್ಟು: ಟೈಲರ್ ಟೇಪು, ಕೊಕ್ಕೆ ಇರುವ ತೂಕದ ಯಂತ್ರ, ಒಂದು ನೋಟ್‌ಬುಕ್ಕು, ಆ ಮನೆಯ ಹತ್ತು ದಿನದ ಹಾಲಿನ ಚೀಟಿಗಳು. ಹಾಳೆಯಲ್ಲಿ ಬರೆಯಬೇಕಾದ್ದು: ಹಸುವಿನ ಕಿವಿಯೋಲೆಯ 12 ಅಂಕಿ, ಕೊನೆಯ ಸಲ ಈದ ತಿಂಗಳು, ಈಗ ಗಬ್ಬವೋ ಖಾಲಿಯೋ, ದಿನದ ಹಾಲು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ), ತಿನ್ನಿಸುವ ಮೇವು.

ಕೊನೆಯದರಲ್ಲೇ ಎಲ್ಲರೂ ಎಡವುವುದು. "ಹಿಂಡಿ ಎಷ್ಟು ಹಾಕ್ತೀರಾ?" ಎಂದು ಯಜಮಾನರನ್ನು ಕೇಳಿದರೆ "ದಿನಕ್ಕೆ ನಾಲ್ಕು ಕೆಜಿ" ಎನ್ನುತ್ತಾರೆ. ಕೊಟ್ಟಿಗೆ ಕೆಲಸ ಮಾಡುವ ಅಕ್ಕನನ್ನು ಕೇಳಿ. ಅವರು ಮೂಟೆಯೊಳಗಿನಿಂದ ಒಂದು ಹಳೇ ಎಣ್ಣೆ ಡಬ್ಬ ತೆಗೆದು ತೋರಿಸುತ್ತಾರೆ. "ಇದ್ರಲ್ಲಿ ಬೆಳಿಗ್ಗೆ ಒಂದು, ಸಾಯಂಕಾಲ ಒಂದು." ಆ ಡಬ್ಬವನ್ನು ತೂಗಿ. ಹಿಂಡಿ ತುಂಬಿ ಒಮ್ಮೆ, ಬೂಸಾ ತುಂಬಿ ಇನ್ನೊಮ್ಮೆ. ಬೂಸಾ ಹಗುರ, ಹಾಗಾಗಿ ಒಂದೇ ಡಬ್ಬದಲ್ಲಿ ಎರಡಕ್ಕೂ ಬೇರೆ ಬೇರೆ ತೂಕ ಬರುತ್ತದೆ. ಪ್ರತಿ ಡಬ್ಬದ ಮೇಲೂ ಗೆರೆ ಎಳೆದು ತೂಕ ಬರೆದುಕೊಡಿ. ಮುಂದಿನ ಎಲ್ಲ ಕೆಲಸಕ್ಕೂ ಆ ಗೆರೆಯೇ ಅಳತೆ.

ಹಸುವಿನ ತೂಕ ತಿಳಿಯಲು ತಕ್ಕಡಿ ಬೇಕಿಲ್ಲ. ಮುಂಗಾಲಿನ ಹಿಂದೆ ಎದೆ ಸುತ್ತಳತೆ, ಹೆಗಲ ಗೆಣ್ಣಿನಿಂದ ಹಿಂದಿನ ಪುಟ್ಟೆಯ ಮೂಳೆವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. 65 ಇಂಚು ಸುತ್ತಳತೆ, 55 ಇಂಚು ಉದ್ದ ಇದ್ದರೆ ಸುಮಾರು 350 ಕೆಜಿ.

ಎಚ್ಚರಿಕೆ: ಸಭೆಯನ್ನು ಸಂಜೆ ಐದಕ್ಕೆ ಕರೆಯಬೇಡಿ, ಅದು ಹಾಲು ಕರೆಯುವ ಹೊತ್ತು. ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ನಿಂತ ಹತ್ತು ನಿಮಿಷವೇ ನಿಮ್ಮ ಸಭೆ. ಇನ್ನೊಂದು ಮಾತು. ಕೆಲಸ ಮಾಡುವವರು ಹೆಂಗಸರು, ಸಭೆಗೆ ಬರುವವರು ಗಂಡಸರು ಎಂದಾದರೆ ಈ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಂತ 2: ಖಾಲಿ ನಿಂತ ಹಸು ಯಾವುದು?

ಲೇಖನಗಳೆಲ್ಲ ಗೋಬರ್ ಗ್ಯಾಸಿನಿಂದ ಶುರುವಾಗುತ್ತವೆ. ನಾನು ಗಬ್ಬದಿಂದ ಶುರು ಮಾಡಿ ಎನ್ನುತ್ತೇನೆ. ಕಾರಣ ಲೆಕ್ಕದಲ್ಲೇ ಇದೆ.

ಒಂದು ಹಸು ದಿನಕ್ಕೆ ಸರಾಸರಿ 8 ಲೀಟರ್‌ನಂತೆ 300 ದಿನ ಕರೆಯುತ್ತದೆ ಎನ್ನಿ. ಒಂದು ಸೂಲಿಗೆ 2,400 ಲೀಟರ್. ಅದು 13 ತಿಂಗಳಿಗೊಮ್ಮೆ ಈದರೆ, ಆ ಅವಧಿಯ ಮೀಥೇನ್ ಸುಮಾರು 63 ಕೆಜಿ. ಲೀಟರಿಗೆ 26 ಗ್ರಾಂ. ಅದೇ ಹಸು 18 ತಿಂಗಳಿಗೊಮ್ಮೆ ಈದರೆ 87 ಕೆಜಿ, ಲೀಟರಿಗೆ 36 ಗ್ರಾಂ. ಹಾಲು ಅಷ್ಟೇ, ಗಾಳಿ ಮಾತ್ರ ಜಾಸ್ತಿ. ಬತ್ತಿದ ಹಸು ಕಡಿಮೆ ತಿನ್ನುವುದರಿಂದ ನಿಜವಾದ ವ್ಯತ್ಯಾಸ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಆದರೂ ಗ್ಯಾಸ್ ಗುಂಡಿ ಕಟ್ಟದೆ, ಹೊಸ ಯಂತ್ರ ತರದೆ ಇಷ್ಟು ಇಳಿಸುವ ದಾರಿ ಬೇರೆ ಇಲ್ಲ.

ರೈತರ ಮುಂದೆ ಈ ಗ್ರಾಂ ಲೆಕ್ಕ ಹೇಳಬೇಡಿ. "ಈ ಐದು ತಿಂಗಳು ಹಾಲಿಲ್ಲದೆ ನಿಂತ ಹಸುವಿಗೆ ದಿನಕ್ಕೆ ಎಷ್ಟು ಖರ್ಚು ಬಂತು?" ಎಂದು ಕೇಳಿ. ಗುಣಾಕಾರ ಅವರೇ ಮಾಡಲಿ.

ಮಾಡಬೇಕಾದ್ದು:

1. ಈದ 45 ದಿನದಿಂದ ಬೆದೆ ಗಮನಿಸಲು ಶುರು ಮಾಡಿ. ಎರಡರಿಂದ ಮೂರು ತಿಂಗಳೊಳಗೆ ಕೃತಕ ಗರ್ಭಧಾರಣೆ ಆಗಬೇಕು.

2. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಒಂದು ದಿನದೊಳಗೆ ಮುಗಿಯುತ್ತದೆ. ಬೆಳಗಿನ ಜಾವ ಮತ್ತು ರಾತ್ರಿ ಮಲಗುವ ಮುಂಚೆ ಒಮ್ಮೆ ಕೊಟ್ಟಿಗೆಗೆ ಹೋಗಿ ನೋಡುವುದು ಅಭ್ಯಾಸವಾಗಬೇಕು. ಕೂಗಾಟ, ಲೋಳೆ, ಪದೇ ಪದೇ ಗಂಜಲ, ಹಾಲು ತಟ್ಟನೆ ಇಳಿಯುವುದು, ಇವು ಗುರುತುಗಳು.

3. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ. "ನಾಳೆ ನೋಡೋಣ" ಎಂದರೆ 21 ದಿನ ಹೋಯಿತು.

4. ಎರಡೂವರೆ, ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ. ಮತ್ತೆ ಬೆದೆಗೆ ಬಂದಿಲ್ಲ ಅಂದ ಮಾತ್ರಕ್ಕೆ ಗಬ್ಬ ಅಂತಲ್ಲ.

5. ಈಯುವ 60 ದಿನ ಮುಂಚೆ ಹಾಲು ಬತ್ತಿಸಿ. ಆಸೆಗೆ ಕೊನೆವರೆಗೂ ಕರೆದರೆ ಮುಂದಿನ ಸೂಲು ಸೊರಗುತ್ತದೆ.

ಪಡ್ಡೆಗಳನ್ನು, ಅಂದರೆ ಇನ್ನೂ ಕರು ಹಾಕದ ಎಳೆ ಹಸುಗಳನ್ನು ಮರೆಯಬೇಡಿ. ಮಿಶ್ರತಳಿ ಪಡ್ಡೆ ಎರಡೂವರೆ ವರ್ಷದ ಹೊತ್ತಿಗೆ ಮೊದಲ ಕರು ಹಾಕಬೇಕು. ನಮ್ಮಲ್ಲಿ ಅದು ಮೂರೂವರೆ, ನಾಲ್ಕಕ್ಕೆ ಹೋಗುತ್ತದೆ. ಕರುವಿದ್ದಾಗ ಹಾಲು ಕಡಿಮೆ ಬಿಟ್ಟು, ಜಂತುಹುಳಕ್ಕೆ ಔಷಧ ಹಾಕದೆ, ಉಳಿದ ಹುಲ್ಲು ತಿನ್ನಿಸಿ ಬೆಳೆಸಿದ್ದರ ಫಲ ಇದು.

ಗಂಡು ಕರುವಿನ ವಿಚಾರವನ್ನೂ ಮುಚ್ಚಿಡಬೇಕಿಲ್ಲ. 2021ರಲ್ಲಿ ರಾಜ್ಯದಲ್ಲಿ ಜಾನುವಾರು ಹತ್ಯೆ ತಡೆ ಕಾಯ್ದೆ ಜಾರಿಗೆ ಬಂದ ಮೇಲೆ ಹಾಲು ಕೊಡದ ದನವನ್ನು ಏನು ಮಾಡುವುದು ಎಂಬ ಚಿಂತೆ ಸಣ್ಣ ರೈತರಿಗೆ ಜಾಸ್ತಿಯಾಗಿದೆ. ಲಿಂಗ ನಿರ್ಧರಿತ ವೀರ್ಯದ ಕಡ್ಡಿ ಬಳಸಿದರೆ ಸುಮಾರು ಶೇ. 90ರಷ್ಟು ಹೆಣ್ಣು ಕರುವೇ ಹುಟ್ಟುತ್ತದೆ. ಅದನ್ನು ಆರೋಗ್ಯವಾಗಿರುವ ಪಡ್ಡೆಗೆ ಅಥವಾ ಮೊದಲ ಸೂಲಿನ ಹಸುವಿಗೆ ಕೊಡಿಸಿ. ಮೂರು ನಾಲ್ಕು ಸಲ ತಿರುಗಿಸಿದ, ಅಂದರೆ ಗಬ್ಬ ನಿಲ್ಲದ ಹಸುವಿಗೆ ಆ ದುಬಾರಿ ಕಡ್ಡಿ ವೇಸ್ಟು.

ಹಂತ 3: ಮೇವು

ಇದೇ ದೊಡ್ಡ ಹಂತ, ಖರ್ಚು ಹೆಚ್ಚಾಗಿ ಹೋಗುವುದೂ ಇಲ್ಲೇ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) 'ಸಮತೋಲನ ಆಹಾರ' ಕಾರ್ಯಕ್ರಮವನ್ನು ಹಲವು ರಾಜ್ಯಗಳಲ್ಲಿ ನಡೆಸಿತು. ಸಮತೋಲನ ಆಹಾರ ಅಂದರೆ ಇನ್ನೇನಲ್ಲ, ಆ ಹಸುವಿನ ತೂಕ ಮತ್ತು ಹಾಲಿಗೆ ತಕ್ಕಂತೆ, ಮನೆಯಲ್ಲಿ ಸಿಗುವ ಮೇವಿನಲ್ಲೇ ಲೆಕ್ಕ ಹಾಕಿ ತಿನ್ನಿಸುವುದು. ಇದರಿಂದ ಹಾಲಿನ ಲೆಕ್ಕದಲ್ಲಿ ಮೀಥೇನ್ ಶೇ. 10ಕ್ಕಿಂತ ಹೆಚ್ಚು ಇಳಿದದ್ದು ಕಂಡುಬಂತು. ಅದೇ ಲೆಕ್ಕ ಹಾಕಿಕೊಡುವ 'ಪಶು ಪೋಷಣ್' ಎಂಬ ಮೊಬೈಲ್ ಆ್ಯಪನ್ನೂ ಮಂಡಳಿ ಮಾಡಿದೆ. ಹಂತ 1ರ ಹಾಳೆ ಇದ್ದರೆ ಆ್ಯಪಿಗೆ ಬೇಕಾದ ಮಾಹಿತಿಯೆಲ್ಲ ನಿಮ್ಮ ಕೈಯಲ್ಲಿದೆ.

ಆ್ಯಪ್ ಇಲ್ಲದೆಯೂ ಒರಟು ಲೆಕ್ಕ ಹೀಗೆ ಹಾಕಬಹುದು. ಹಸು ತನ್ನ ತೂಕದ ಶೇ. 2.5ರಿಂದ 3ರಷ್ಟು ಒಣ ಪದಾರ್ಥ ತಿನ್ನುತ್ತದೆ. ಒಣ ಪದಾರ್ಥ ಅಂದರೆ ಮೇವಿನಲ್ಲಿರುವ ನೀರು ಕಳೆದು ಉಳಿದದ್ದು. 350 ಕೆಜಿ ಹಸುವಿಗೆ ಸುಮಾರು 10 ಕೆಜಿ. ಹಸಿರು ಮೇವಿನಲ್ಲಿ ಮುಕ್ಕಾಲು ಪಾಲಿಗೂ ಮೇಲೆ ನೀರೇ. ಹಾಗಾಗಿ 20 ಕೆಜಿ ನೇಪಿಯರ್ ಹುಲ್ಲು ಹಾಕಿದರೂ ಲೆಕ್ಕಕ್ಕೆ ಸಿಗುವುದು ನಾಲ್ಕೈದು ಕೆಜಿ. ಉಳಿದದ್ದನ್ನು ಹುಲ್ಲು ಮತ್ತು ಪಶು ಆಹಾರದಿಂದ ತುಂಬಬೇಕು. ಪಶು ಆಹಾರ ಮೈ ಉಳಿಸಿಕೊಳ್ಳಲು ಒಂದೂವರೆ ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಎಮ್ಮೆಯಾದರೆ ಎರಡು ಲೀಟರಿಗೇ ಒಂದು ಕೆಜಿ.

ಈ ಲೆಕ್ಕ ಹಾಕಿದಾಗ ಸಾಮಾನ್ಯವಾಗಿ ಎರಡು ವಿಷಯ ಹೊರಬೀಳುತ್ತವೆ. ಜಾಸ್ತಿ ಕರೆಯುವ ಹಸುವಿಗೂ ಬತ್ತುತ್ತಿರುವ ಹಸುವಿಗೂ ಒಂದೇ ಡಬ್ಬ ಹೋಗುತ್ತಿರುತ್ತದೆ. ಕಡಲೆಕಾಯಿ ಹಿಂಡಿ ಬೇಕಾದ್ದಕ್ಕಿಂತ ಜಾಸ್ತಿ, ಖನಿಜ ಮಿಶ್ರಣ ಸೊನ್ನೆ.

ಖನಿಜ ಮಿಶ್ರಣ: ಕರೆಯುವ ಹಸುವಿಗೆ ದಿನಕ್ಕೆ 100 ಗ್ರಾಂ, ಪಡ್ಡೆ ಮತ್ತು ಬತ್ತಿದ ಹಸುವಿಗೆ 50 ಗ್ರಾಂ, ಕರುವಿಗೆ 25 ಗ್ರಾಂ. ಇದು ಉಪ್ಪಲ್ಲ, ಉಪ್ಪು ಬೇರೆ. ಹಸು ಸರಿಯಾಗಿ ಬೆದೆಗೆ ಬರದಿರುವುದಕ್ಕೆ ಖನಿಜದ ಕೊರತೆ ಒಂದು ದೊಡ್ಡ ಕಾರಣ. ಹಾಗಾಗಿ ಹಂತ 2 ಗೆಲ್ಲಲು ಇದು ಬೇಕು. ಬಿಸಿ ಕಲಗಚ್ಚಿನಲ್ಲಿ ಕಲಸಿ ಕುದಿಸುವುದು ಬೇಡ, ಪಶು ಆಹಾರದ ಮೇಲೆ ಉದುರಿಸಿ.

ಹುಲ್ಲು ಕತ್ತರಿಸಿ: ಉದ್ದ ಹುಲ್ಲು ಹಾಕಿದರೆ ಹಸು ಎಲೆ ಎಳೆದುಕೊಂಡು ದಂಟು ತುಳಿಯುತ್ತದೆ. ಚಾಫ್ ಕಟರ್‌ನಲ್ಲಿ ಒಂದಿಂಚು ತುಂಡು ಮಾಡಿ. ಎರಡು ಹಸುವಿನ ಮನೆಗೆ ಕೈಯಲ್ಲಿ ತಿರುಗಿಸುವುದೇ ಸಾಕು. ಮೋಟಾರಿನದ್ದು ಬೇಕೆಂದರೆ ನಾಲ್ಕು ಮನೆ ಸೇರಿ ತರಲಿ. ಬ್ಲೇಡಿಗೆ ಮುಚ್ಚಳ ಇಲ್ಲದ ಯಂತ್ರ ಕೊಳ್ಳಬೇಡಿ, ಮಕ್ಕಳ ಬೆರಳು ಹೋದ ಮನೆಗಳಿವೆ.

ನೇಪಿಯರನ್ನು ಎಳೆಯದಾಗಿರುವಾಗಲೇ ಕೊಯ್ಯಿರಿ: ಸಿಒ-4, ಸಿಒ-5, ಡಿಎಚ್‌ಎನ್-6 ಯಾವ ತಳಿಯಾದರೂ ಸರಿ. ನೆಟ್ಟ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ 40–45 ದಿನಕ್ಕೊಮ್ಮೆ. ಆಳೆತ್ತರ ಬೆಳೆದರೆ ನೋಡಲು ಚೆಂದ, ಭಾರವೂ ಜಾಸ್ತಿ. ಆದರೆ ದಂಟು ಕಟ್ಟಿಗೆಯಾಗಿರುತ್ತದೆ. ಹೊಟ್ಟೆ ತುಂಬುತ್ತದೆ, ಹಾಲು ಬರುವುದಿಲ್ಲ, ಗಾಳಿ ಜಾಸ್ತಿ ಹುಟ್ಟುತ್ತದೆ. ನಮ್ಮ ಕಡೆ ಅತಿ ಹೆಚ್ಚು ಕಾಣುವ ತಪ್ಪು ಇದೇ.

ದ್ವಿದಳ ಸೇರಿಸಿ: ಮುಸುಕಿನ ಜೋಳದ ಎರಡು ಸಾಲಿಗೆ ಒಂದು ಸಾಲು ಅಲಸಂದೆ ಹಾಕಿ. ಬದುವಿನಲ್ಲಿ ಬೇಲಿ ಮೆಂತ್ಯ, ಅಗಸೆ ಮರ, ಗ್ಲಿರಿಸಿಡಿಯಾ, ದ್ವಿದಳವಲ್ಲದಿದ್ದರೂ ನುಗ್ಗೆ ನೆಡಿ. ಇವುಗಳಲ್ಲಿ ಸಾರಜನಕ ಜಾಸ್ತಿ, ಹಿಂಡಿ ಖರ್ಚು ಇಳಿಯುತ್ತದೆ. ಸುಬಾಬುಲ್ ಆದರೆ ಹಸಿರು ಮೇವಿನ ಮೂರನೇ ಒಂದು ಪಾಲು ಮೀರದಿರಲಿ, ಅದರಲ್ಲಿ ಮೈಮೋಸಿನ್ ಎಂಬ ವಿಷದ ಅಂಶ ಇದೆ. ಇಬ್ಬನಿ ಇರುವಾಗ ಹಸಿ ದ್ವಿದಳವನ್ನೇ ಹೊಟ್ಟೆ ತುಂಬ ಹಾಕಬೇಡಿ, ಹೊಟ್ಟೆ ಉಬ್ಬರ ಬರುತ್ತದೆ. ಮೊದಲು ಸ್ವಲ್ಪ ಒಣ ಹುಲ್ಲು ಹಾಕಿ.

ಭತ್ತದ ಹುಲ್ಲೇ ಗತಿ ಎನ್ನುವವರಿಗೆ ಯೂರಿಯಾ ಉಪಚಾರ: 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, 40–50 ಲೀಟರ್ ನೀರು. ಪೂರ್ತಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹರಡಿ ಚಿಮುಕಿಸಿ, ತುಳಿದು, ಗಾಳಿ ಹೋಗದಂತೆ ಟಾರ್ಪಾಲು ಮುಚ್ಚಿ. 21 ದಿನ ಬಿಡಿ. ತೆಗೆದ ಮೇಲೆ ಒಂದು ಗಂಟೆ ಗಾಳಿಗೆ ಹರಡಿ, ಮೂಗಿಗೆ ಹೊಡೆಯುವ ವಾಸನೆ ಹೋದ ಮೇಲೆ ಹಾಕಿ. ಹುಲ್ಲು ಮೆತ್ತಗಾಗಿ ಜೀರ್ಣವಾಗುವುದು ಜಾಸ್ತಿಯಾಗುತ್ತದೆ. ರಾಗಿ ಹುಲ್ಲು ಅದರಷ್ಟಕ್ಕೇ ಭತ್ತದ ಹುಲ್ಲಿಗಿಂತ ಒಳ್ಳೆಯದು, ಅದಕ್ಕೆ ಇದು ಬೇಕಿಲ್ಲ.

ದೊಡ್ಡ ಎಚ್ಚರಿಕೆ: ಯೂರಿಯಾ ನೀರನ್ನು ಬಕೆಟ್ಟಿನಲ್ಲಿ ಹಸುವಿನ ಮುಂದೆ ಬಿಟ್ಟು ಹೋಗಬೇಡಿ. ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಹಸು ಸಾಯುತ್ತದೆ. ಆರು ತಿಂಗಳೊಳಗಿನ ಕರುವಿಗೆ ಈ ಹುಲ್ಲು ಬೇಡವೇ ಬೇಡ. ಮೊದಲ ಸಲ ನೀವೇ ನಿಂತು ಮಾಡಿಸಿ, ಬಾಯಿಮಾತಿನಲ್ಲಿ ಹೇಳಿ ಬರಬೇಡಿ.

ರಸಮೇವು (ಸೈಲೇಜ್): ಕಾಳು ಹಾಲುಗಟ್ಟಿ ಹಿಟ್ಟಾಗುವ ಹೊತ್ತಿನ ಮುಸುಕಿನ ಜೋಳವನ್ನು ಕತ್ತರಿಸಿ, ಗಟ್ಟಿಯಾಗಿ ತುಳಿದು, ಚೀಲದಲ್ಲೋ ಗುಂಡಿಯಲ್ಲೋ ಗಾಳಿಯಾಡದಂತೆ ಮುಚ್ಚಿ 45 ದಿನ ಇಟ್ಟರೆ ಆಯಿತು. ಸಣ್ಣ ರೈತರಿಗೆ 50 ಕೆಜಿ ಚೀಲವೇ ವಾಸಿ. ದೊಡ್ಡ ಗುಂಡಿ ತೆರೆದರೆ ಎರಡು ಹಸು ತಿಂದು ಮುಗಿಸುವುದರೊಳಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಎಸೆಯಿರಿ, "ಪಾಪ ದುಡ್ಡು" ಅಂತ ತಿನ್ನಿಸಬೇಡಿ.

ಮೇವಿನ ಯಾವ ಬದಲಾವಣೆಯನ್ನೂ ಹತ್ತು ದಿನದಲ್ಲಿ ನಿಧಾನವಾಗಿ ಮಾಡಿ. ಒಂದೇ ದಿನ ಕಾಳು, ಹಿಟ್ಟು, ಅನ್ನ ಜಾಸ್ತಿ ಹಾಕಿದರೆ ರೂಮೆನ್ ಹುಳಿಯಾಗಿ ಹಸು ಮಲಗುತ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರು, ಕೊಯ್ದ ಮೇಲೆ ಒಡೆದ ಚಿಗುರು, ಇವುಗಳಲ್ಲಿ ಸೈನೈಡ್ ವಿಷ ಇರುತ್ತದೆ. ಹೂ ಬಿಡುವವರೆಗೂ ಜೋಳ ತಿನ್ನಿಸಬೇಡಿ.

ಹಂತ 4: ಬಿಸಿಲು

ಹವಾಮಾನ ಬದಲಾವಣೆ ರೈತರಿಗೆ ನೇರವಾಗಿ ಕಾಣುವುದು ಇಲ್ಲಿ. ಉಷ್ಣತೆ ಮತ್ತು ತೇವಾಂಶ ಸೇರಿಸಿ ಹಾಕುವ ಒಂದು ಸೂಚ್ಯಂಕ ಇದೆ. ಅದು 72 ದಾಟಿದರೆ ಎಚ್‌ಎಫ್ ತಳಿಗೆ ಬಿಸಿ ತಟ್ಟಲು ಶುರು. ಹಸು ಮೇವು ಬಿಡುತ್ತದೆ, ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದಿಲ್ಲ.

ಉಪಾಯಗಳು ಸುಲಭ. ತಗಡಿನ ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ಇಲ್ಲವೇ ಬಿಳಿ ಸುಣ್ಣ ಬಳಿಯಿರಿ. ಕೊಟ್ಟಿಗೆಯ ಗೋಡೆ ಪೂರ್ತಿ ಮುಚ್ಚಿದ್ದರೆ ಮೇಲಿನ ಅರ್ಧ ತೆರೆಯಿರಿ. ಮುಖ್ಯವಾದ ಮೇವನ್ನು ಬೆಳಗಿನ ತಂಪಿನಲ್ಲಿ ಮತ್ತು ರಾತ್ರಿ ಹಾಕಿ. ನೀರು ದಿನದ 24 ಗಂಟೆಯೂ ಮುಂದೆ ಇರಲಿ. ಕರೆಯುವ ಹಸುವಿಗೆ ದಿನಕ್ಕೆ 60–80 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ ಬೇಕು. ಎರಡು ಹೊತ್ತು ಬಕೆಟ್ ಇಟ್ಟರೆ ಇದು ಸಾಲದು.

ಐದಾರು ಮನೆಗಳಲ್ಲಿ ಒಂದಕ್ಕೆ ನೀರಿನ ತೊಟ್ಟಿ ಕಟ್ಟಿಸಿ ಒಂದು ವಾರದ ಚೀಟಿ ನೋಡಿ. ಬಹಳಷ್ಟು ಕಡೆ ಹಾಲು ಬೇಗ ಏರಿದ್ದು ಕಾಣುವುದು ಇದರಲ್ಲೇ. ಅನುಮಾನಪಡುವ ರೈತರ ಮನೆಗೆ ಇದನ್ನೇ ಮೊದಲು ಮಾಡಿಸುವುದು ಜಾಣತನ.

ಹಂತ 5: ಸಗಣಿ

ಎರಡು ಹಸುವಿನ ಮನೆಯ ಒಣ ತಿಪ್ಪೆಯಿಂದ ಬರುವ ಮೀಥೇನ್ ತೇಗಿನದ್ದರ ಮುಂದೆ ಕಡಿಮೆ. ಗಾಳಿಯಾಡದೆ ನೀರು ನಿಂತು ಕೊಳೆಯುವ ಸಗಣಿ ಗುಂಡಿಯೇ ತೊಂದರೆ ಕೊಡುವುದು. ಹಾಗಾಗಿ ಮೊದಲ ಕೆಲಸ ತಿಪ್ಪೆಗೆ ಮಳೆನೀರು ನುಗ್ಗದಂತೆ ಮಾಡುವುದು, ಮೇಲೆ ನೆರಳು ಹಾಕುವುದು, ಗಂಜಲ ಹರಿದುಹೋಗದಂತೆ ಕೊಟ್ಟಿಗೆಯಲ್ಲಿ ತರಗು ಹರಡುವುದು. ಗಂಜಲದ ಸಾರಜನಕ ಪೋಲಾದರೆ ಅದರ ಒಂದು ಪಾಲು ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ 270ಕ್ಕೂ ಹೆಚ್ಚು ಪಟ್ಟು ಬಿಸಿ ಹಿಡಿಯುತ್ತದೆ. ಹೊಲಕ್ಕೆ ಹೋಗಬೇಕಾದ ಗೊಬ್ಬರವೂ ಅಷ್ಟೇ ನಷ್ಟ.

ಗೋಬರ್ ಗ್ಯಾಸ್ ಬೇಕೆನ್ನುವವರಿಗೆ ಲೆಕ್ಕ: ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ ಸುಮಾರು 25 ಕೆಜಿ ಸಗಣಿ, ಅಷ್ಟೇ ನೀರು. ಸಂಸಾರದ ಅಡುಗೆಗೆ ಎರಡು ಘನ ಮೀಟರ್ ಬೇಕು, ಅಂದರೆ ಮೂರು ನಾಲ್ಕು ದನ. ಎರಡೇ ಇರುವ ಮನೆಗೆ ಚಿಕ್ಕ ಚೀಲದ ಮಾದರಿ ನೋಡಿ. ಗುಜರಾತಿನ ಆನಂದ್ ಬಳಿಯ ಜಕರಿಯಾಪುರದಲ್ಲಿ ಎನ್‌ಡಿಡಿಬಿ ಮನೆಮನೆಗೆ ಚಿಕ್ಕ ಸ್ಥಾವರ ಹಾಕಿಸಿತು. ಅಲ್ಲಿನ ಹೆಂಗಸರು ಸೇರಿ ಮಿಕ್ಕ ಬಗ್ಗಡವನ್ನೂ, ಅಂದರೆ ಗ್ಯಾಸ್ ತೆಗೆದ ಮೇಲೆ ಉಳಿಯುವ ಸಗಣಿ ನೀರನ್ನೂ ಮಾರುತ್ತಾರೆ. ಬಗ್ಗಡಕ್ಕೆ ಬೆಲೆ ಬಂದರೆ ಸ್ಥಾವರ ಹಾಳಾಗಲು ಯಾರೂ ಬಿಡುವುದಿಲ್ಲ, ಅಲ್ವಾ?

ಎಚ್ಚರಿಕೆ ಎರಡು. ಪೈಪು, ವಾಲ್ವುಗಳಿಗೆ ಆಗಾಗ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಸೋರುವ ಸ್ಥಾವರ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ, ಏಕೆಂದರೆ ಹೆಚ್ಚು ಮೀಥೇನ್ ಹುಟ್ಟಿಸಿ ಹೊರಗೆ ಬಿಟ್ಟಂತಾಗುತ್ತದೆ. ಇನ್ನು ಸಹಾಯಧನದ ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಗುಂಡಿ ತೋಡಬೇಡಿ.

ಹಂತ 6: ಊರಿಗೆ ದಾಟಿಸುವುದು

ಮೂರು ತಿಂಗಳಾದ ಮೇಲೆ ಆ ಐದಾರು ಮನೆಯ ಹಾಳೆಗಳನ್ನು, ಅವರ ಒಪ್ಪಿಗೆ ತೆಗೆದುಕೊಂಡು, ಡೇರಿ ಗೋಡೆಗೆ ಅಂಟಿಸಿ. ಮೊದಲು ಎಷ್ಟು ಖರ್ಚು, ಎಷ್ಟು ಹಾಲು, ಈಗ ಎಷ್ಟು. ಹಾಲು ಏರದೆ ಖರ್ಚು ಮಾತ್ರ ಇಳಿದಿದ್ದರೂ ಅದನ್ನೇ ಬರೆಯಿರಿ. ಒಂದು ಮನೆಯಲ್ಲಿ ಏನೂ ಆಗದಿದ್ದರೆ ಅದನ್ನೂ ಅಂಟಿಸಿ. ಎಲ್ಲಾ ಕಡೆ ಗೆದ್ದೆವು ಎಂದು ಬರೆದರೆ ಊರಿನವರು ನಂಬುವುದಿಲ್ಲ.

ಸುಮ್ನೆ ಪುಕ್ಕಟೆ ಹಂಚಬೇಡಿ. ಪುಕ್ಕಟೆ ಬಂದ ಖನಿಜ ಮಿಶ್ರಣ ಎಷ್ಟೋ ಮನೆಯಲ್ಲಿ ಅಟ್ಟದ ಮೇಲೇ ಕೂರುತ್ತದೆ. ಮೊದಲ ಪೊಟ್ಟಣ ಅರ್ಧ ಬೆಲೆಗೆ ಕೊಟ್ಟು, ಹಾಲಿನ ಬಟವಾಡೆಯಲ್ಲಿ ಹಿಡಿಯಿರಿ. ಆಮೇಲೆ ಸಂಘದಲ್ಲೇ ಯಾವಾಗಲೂ ದಾಸ್ತಾನು ಇರುವಂತೆ ನೋಡಿಕೊಳ್ಳಿ. ಮುಗಿದಾಗ ಸಿಗದಿದ್ದರೆ ಅಭ್ಯಾಸ ತಪ್ಪುತ್ತದೆ.

"ನಮ್ಮ ಎರಡು ಹಸು ಜಗತ್ತನ್ನ ಸುಡ್ತಾವಾ? ಪಟ್ಟಣದವರ ಕಾರಿಗೆ ಯಾಕೆ ಹೇಳಲ್ಲ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವಾದಕ್ಕೆ ಇಳಿಯಬೇಡಿ. 2021ರಲ್ಲಿ ಗ್ಲಾಸ್ಗೋದಲ್ಲಿ ಹಲವು ದೇಶಗಳು ಮೀಥೇನ್ ಇಳಿಸುವ ಪ್ರತಿಜ್ಞೆ ಮಾಡಿದಾಗ ಭಾರತ ಅದಕ್ಕೆ ಸೇರಲಿಲ್ಲ. ಸಣ್ಣ ರೈತರ ಬದುಕಿಗೆ ಅಂಟಿದ ಮೀಥೇನನ್ನು ಬೇರೆಯಾಗಿ ನೋಡಬೇಕು ಎಂಬುದು ದೇಶದ ನಿಲುವು. ಅದನ್ನು ಹೇಳಿ, "ತಪ್ಪು ನಿಮ್ಮದು ಅಂತಲ್ಲ, ನಿಮ್ಮ ಮೇವು ಪೋಲಾಗದಿರಲಿ ಅಂತ" ಎಂದು ಮತ್ತೆ ಹಾಳೆಗೆ ಬನ್ನಿ.

ಯಾರಾದರೂ ಪುಡಿ ಅಥವಾ ಕಾರ್ಬನ್ ಕ್ರೆಡಿಟ್ ಮಾರಲು ಬಂದರೆ

ಮೀಥೇನ್ ಇಳಿಸುವ ಮೇವಿನ ಪುಡಿಗಳಿವೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ 'ಹರಿತ್ ಧಾರಾ' ಎಂಬುದನ್ನು ತಯಾರಿಸಿದೆ. ಟ್ಯಾನಿನ್ (ಒಗರಿನ ಅಂಶ) ಇರುವ ಗಿಡಗಳಿಂದ ಮಾಡಿದ್ದು, ಮೀಥೇನ್ ಶೇ. 17ರಿಂದ 20ರಷ್ಟು ಇಳಿಯುತ್ತದೆ ಎಂದು ಸಂಸ್ಥೆ ಹೇಳುತ್ತದೆ. ಒಳ್ಳೆಯದೇ. ಆದರೆ ಮೇವಿನ ಲೆಕ್ಕ ಸರಿಯಿಲ್ಲದ ಮನೆಗೆ ಮೊದಲು ಪುಡಿ ಬೇಡ. ಪೊಟ್ಟಣದ ಮೇಲೆ ತಯಾರಕರ ಹೆಸರು, ಪ್ರಮಾಣ, ಅವಧಿ ಇಲ್ಲದ ಯಾವ ಪುಡಿಯನ್ನೂ ಡೇರಿಯೊಳಗೆ ಬಿಡಬೇಡಿ.

ಕಾರ್ಬನ್ ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದಷ್ಟು ಅನಿಲ ಇಳಿಸಿದ್ದಕ್ಕೆ ಸಿಗುವ, ಮಾರಬಹುದಾದ ಒಂದು ಪತ್ರ. ನೀವೇ ಲೆಕ್ಕ ಹಾಕಿ. 58 ಕೆಜಿಯನ್ನು 27ರಿಂದ ಗುಣಿಸಿದರೆ ಒಂದು ಹಸುವಿಗೆ ವರ್ಷಕ್ಕೆ ಸುಮಾರು 1.57 ಟನ್. ಅದರಲ್ಲಿ ಶೇ. 15 ಇಳಿಸಿದರೂ ಕಾಲು ಟನ್ನಿಗಿಂತ ಕಡಿಮೆ. ಎರಡು ಹಸುವಿಗೆ ವರ್ಷಕ್ಕೆ ಅರ್ಧ ಕ್ರೆಡಿಟ್ಟೂ ಆಗುವುದಿಲ್ಲ. "ಹಸುವಿನ ತೇಗಿನಿಂದ ತಿಂಗಳಿಗೆ ಸಾವಿರಾರು ರೂಪಾಯಿ" ಎನ್ನುವವರನ್ನು ಈ ಲೆಕ್ಕ ಮುಂದಿಟ್ಟು ಮಾತಾಡಿಸಿ. ಸಹಿ ಹಾಕುವ ಮೊದಲು ನಾಲ್ಕು ಕೇಳಿ: ಅಳೆಯುವವರು ಯಾರು, ರೈತರ ಪಾಲು ಎಷ್ಟು, ದುಡ್ಡು ಯಾವಾಗ, ಎಷ್ಟು ವರ್ಷದ ಕರಾರು. ಪತ್ರ ಕನ್ನಡದಲ್ಲಿ ಇಲ್ಲದಿದ್ದರೆ ಕನ್ನಡದಲ್ಲಿ ಬರೆಸಿಕೊಳ್ಳಿ.

ಯಾವಾಗ ಶುರು ಮಾಡುವುದು?

ರಾಗಿ ಕೊಯ್ದು ಮೆದೆ ಹಾಕಿದ ಮೇಲೆ, ನವೆಂಬರ್–ಡಿಸೆಂಬರ್ ಹೊತ್ತಿಗೆ ಶುರು ಮಾಡಿ. ಒಣ ಮೇವು ಎಷ್ಟಿದೆ ಎಂದು ಅಳೆಯಲು ಅದು ಸರಿಯಾದ ಸಮಯ. ಜನವರಿಯೊಳಗೆ ಹಾಳೆ, ತೂಕ, ಖನಿಜ ಮಿಶ್ರಣ ಆಗಲಿ. ನೀರಿದ್ದವರು ನೇಪಿಯರ್ ಮತ್ತು ಅಲಸಂದೆ ಹಾಕಲಿ. ಫೆಬ್ರವರಿ ಮುಗಿಯುವುದರೊಳಗೆ ನೀರಿನ ತೊಟ್ಟಿ, ಮಾಡಿನ ಗರಿ ಮುಗಿದಿರಲಿ. ಬದುವಿನ ಗಿಡಗಳನ್ನು ಮಾತ್ರ ಮುಂಗಾರಿಗೆ ಇಟ್ಟುಕೊಳ್ಳಿ, ಬೇಸಿಗೆಯಲ್ಲಿ ನೆಟ್ಟರೆ ಕುರಿ ಮೇಕೆ ಬಿಡುವುದಿಲ್ಲ.